ಕಡಲ ದಂಡೆಯ ಅರಮನೆ ಬ್ಯಾಂಕು ಮತ್ತು ನಮ್ಮ ಸಂಘ



ನಮ್ಮ ಕೊಳ್ಳೇಗಾಲ, ಹನೂರು ಸೀಮೆ 1956ರ ನವೆಂಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. ಹಾಗಾಗಿ ನಮ್ಮ ಹಿರಿಯರ ಕಾಲಕ್ಕೆ ದೊಡ್ಡ ಬ್ಯಾಂಕು ಅಂದರೆ ಮದ್ರಾಸಿನ ಕಡಲ ದಂಡೆಯ ಬ್ಯಾಂಕ್ ಆಫ್ ಮದ್ರಾಸ್.

1843ರಲ್ಲಿ ಹುಟ್ಟಿದ ಈ ಬ್ಯಾಂಕಿನ ಕೆಂಪು ಕಟ್ಟಡ ಎದ್ದಿದ್ದು 1897ರಲ್ಲಿ. ನಕ್ಷೆಯಲ್ಲಿ ಹೆನ್ರಿ ಇರ್ವಿನ್‌ರ ಕೈ, ಕಟ್ಟಿದ ಗುತ್ತಿಗೆದಾರರು ನಂಬೆರುಮಾಳ್ ಚೆಟ್ಟಿಯವರು. ಒಳಗೆ ಇಂಗ್ಲಿಷರ ಲೆಕ್ಕ, ಹೊರಗೆ ನಮ್ಮ ದೇಶದ ಹಳೇ ಕಮಾನು, ಗುಮ್ಮಟ. ಇದಕ್ಕೆ ಇಂಡೋ-ಸಾರ್ಸೆನಿಕ್ ಶೈಲಿ ಅಂತಾರೆ. ದಸರಾಕ್ಕೆ ಹೋದವರು ಇದನ್ನು ಕಂಡೇ ಇರ್ತೀರಿ. ಅದೇ 1897ರಲ್ಲಿ ಮೈಸೂರಿನ ಮರದ ಅರಮನೆ ಸುಟ್ಟುಹೋದ ಮೇಲೆ ಈಗಿನ ಅರಮನೆಗೆ ನಕ್ಷೆ ಹಾಕಿದವರೂ ಇದೇ ಇರ್ವಿನ್.

ಬ್ಯಾಂಕೇನೋ ಅರಮನೆಯಂಗಿತ್ತು. ರೈತನಿಗೆ ಅದರಿಂದ ಏನು ಬಂತು? 1876ರ ಕಾನೂನಿನ ಪ್ರಕಾರ ಆ ಬ್ಯಾಂಕು ಜಮೀನಿನ ಅಡಮಾನದ ಮೇಲೆ ಸಾಲ ಕೊಡುವಂತಿರಲಿಲ್ಲ. ರೈತನ ಹತ್ತಿರ ಇದ್ದಿದ್ದೇ ಜಮೀನು. ಉಳಿದ ದಾರಿ ಬಡ್ಡಿ ಸಾಹುಕಾರನ ಜಗಲಿ ಒಂದೇ.

ಇದನ್ನು ಕಂಡವರು ಫ್ರೆಡರಿಕ್ ನಿಕೋಲ್ಸನ್. ನಮ್ಮ ತಾಲ್ಲೂಕೂ ಸೇರಿದ್ದ ಕೊಯಮತ್ತೂರು ಜಿಲ್ಲೆಯ ಕೈಪಿಡಿ ಬರೆದ ಅಧಿಕಾರಿ ಇವರು. ಜರ್ಮನಿಯ ರೈಫೈಸನ್ ಮಾದರಿಯಲ್ಲಿ, ಒಬ್ಬರನ್ನೊಬ್ಬರು ಬಲ್ಲ ಹಳ್ಳಿಗರೇ ಸೇರಿ ಸಾಲದ ಸಂಘ ಮಾಡಿಕೊಳ್ಳಬೇಕೆಂದು 1895 ಮತ್ತು 1897ರಲ್ಲಿ ವರದಿ ಕೊಟ್ಟರು. 1904ರಲ್ಲಿ ಸಹಕಾರ ಕಾನೂನು ಬಂತು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು.

ಆಮೇಲೂ ದಾರಿ ಸುಲಭವಿರಲಿಲ್ಲ. 1951-52ರ ಸಮೀಕ್ಷೆಯಂತೆ ದೇಶದ ರೈತರು ಮಾಡಿದ 100 ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಸುಮಾರು 3 ರೂಪಾಯಿ, ವಾಣಿಜ್ಯ ಬ್ಯಾಂಕುಗಳದ್ದು 1 ರೂಪಾಯಿಯೂ ಇಲ್ಲ. ಆ ಸಮೀಕ್ಷೆಯ ನಂತರವೇ, 1921ರಲ್ಲಿ ಇಂಪೀರಿಯಲ್ ಬ್ಯಾಂಕಿನಲ್ಲಿ ಸೇರಿಹೋಗಿದ್ದ ಮದ್ರಾಸ್ ಬ್ಯಾಂಕು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆಗಿ ಹಳ್ಳಿಗಳ ಕಡೆ ಮುಖ ಮಾಡಿತು. ಆ ಕೆಂಪು ಕಟ್ಟಡದಲ್ಲಿ ಅದರ ಶಾಖೆ ನಡೆಯಿತು.

ಇನ್ನೊಂದು ಮಾತು. ಅದೇ ಕಡಲ ಬೀದಿಯ ಅರ್ಬತ್‌ನಾಟ್ ಕಂಪನಿ 1906ರಲ್ಲಿ ದಿವಾಳಿಯೆದ್ದು ಸಾವಿರಾರು ಜನರ ಠೇವಣಿ ಮುಳುಗಿತು. ಬೀದಿ ದೊಡ್ಡದಾದರೆ ನಂಬಿಕೆ ದೊಡ್ಡದಾಗೋದಿಲ್ಲ.

ನಮ್ಮ ಸಂಘಕ್ಕೆ ಗುಮ್ಮಟವಿಲ್ಲ. ವಾಯಿದೆಗೆ ಸರಿಯಾಗಿ ಕಟ್ಟುವ ಸಾಲ, ಮಹಾಸಭೆಯಲ್ಲಿ ಎಲ್ಲರೆದುರು ಓದುವ ಲೆಕ್ಕ, ಇವೇ ನಮ್ಮ ಕಂಬಗಳು. ಸುಸ್ತಿ ಬೆಳೆದರೆ ಇವು ಒಳಗೇ ಗೆದ್ದಲು ಹಿಡಿಯುತ್ತವೆ. ಆಗ ನಮ್ಮ ಮಕ್ಕಳು ಮತ್ತೆ ಆ ಜಗಲಿಯನ್ನೇ ಹತ್ತಬೇಕಾಗುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.