ವಲಸೆ ಕುಟುಂಬಗಳ ಮೇಲಿನ ದ್ವೇಷ: ಕರ್ನಾಟಕದ ಚರಿತ್ರೆ

ದುಡಿಮೆ ಅರಸಿ ಬಂದವರನ್ನು ಭಾಷೆ, ಧರ್ಮ, ಚಹರೆ ಅಥವಾ ಹುಟ್ಟೂರಿನ ಕಾರಣಕ್ಕೆ ಹೊಡೆಯುವುದು, ಬೆದರಿಸಿ ಓಡಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಪೆಟ್ಟು ಒಬ್ಬರಿಗೆ ಬಿದ್ದರೂ ಗಂಟುಮೂಟೆ ಕಟ್ಟುವುದು ಇಡೀ ಮನೆ.

ತಮಿಳುನಾಡಿಗೆ ನೀರು ಬಿಡಬೇಕೆಂಬ ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ 1991ರ ಡಿಸೆಂಬರ್‌ನಲ್ಲಿ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದದ್ದೇ ತಡ, ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಸರ್ಕಾರಿ ಲೆಕ್ಕದಲ್ಲೇ 18 ಮಂದಿ ಸತ್ತರು. ಸಾವಿರಾರು ಕುಟುಂಬಗಳು ಮಕ್ಕಳುಮರಿ ಕಟ್ಟಿಕೊಂಡು ತಮಿಳುನಾಡಿನ ದಾರಿ ಹಿಡಿದವು. ಜಗಳ ಎರಡು ಸರ್ಕಾರಗಳದ್ದು, ಮನೆ ಸುಟ್ಟದ್ದು ಕೂಲಿಕಾರರದು.

2012ರ ಆಗಸ್ಟ್‌ನಲ್ಲಿ ಬೆಂಕಿಯೂ ಬೇಕಾಗಲಿಲ್ಲ. ಅಸ್ಸಾಂನ ಕೋಕ್ರಝಾರ್ ಗಲಭೆಗೆ ಇಲ್ಲಿ ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆಂಬ ವದಂತಿ ಮೊಬೈಲ್‌ಗಳಲ್ಲಿ ಹರಿದಾಡಿತು. ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಆಗಿನ ಗೃಹ ಸಚಿವ ಆರ್. ಅಶೋಕ ನಿಲ್ದಾಣಕ್ಕೇ ಹೋಗಿ ಭರವಸೆ ಕೊಟ್ಟರೂ ಅವರು ನಿಲ್ಲಲಿಲ್ಲ. ಕೇಂದ್ರ ಸರ್ಕಾರ 15 ದಿನ ಸಗಟು ಎಸ್‌ಎಂಎಸ್‌ಗೆ ತಡೆ ಹಾಕಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೂ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಎಂಜಿನಿಯರ್ ಒಬ್ಬನೂ ಗುಂಪಿನ ಕೈಗೆ ಸಿಕ್ಕಿ ಸತ್ತರು.

ಯಾದಗಿರಿ ಜಿಲ್ಲೆಯ ಸೈದಾಪುರ, ಶಹಾಪುರ, ಸುರಪುರ ಸೀಮೆಯವರಿಗೆ ಹತ್ತಿರದ ಪ್ರಕರಣ ಬೇರೆ. ಈ ಭಾಗದಿಂದ ಬೆಂಗಳೂರಿಗೆ, ಮುಂಬಯಿಗೆ, ಹೈದರಾಬಾದಿಗೆ ಗುಳೆ ಹೋಗುವುದು ಹಳೆಯ ಪಾಡು: ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸಕ್ಕೆ, ಕೂಸು ಮರಳ ಗುಡ್ಡೆಯ ಪಕ್ಕ. ಅಂಥವರು ತಗಡು, ತಾಡಪಾಲಿನ ಶೆಡ್ ಹಾಕಿಕೊಂಡಿದ್ದ ಬೆಂಗಳೂರಿನ ಬೆಳ್ಳಂದೂರು ಭಾಗದ ಕರಿಯಮ್ಮನ ಅಗ್ರಹಾರದಲ್ಲಿ 2020ರ ಜನವರಿಯಲ್ಲಿ ಬಾಂಗ್ಲಾದೇಶಿಗರು ಅಡಗಿದ್ದಾರೆಂಬ ವಿಡಿಯೊ ಹರಡಿತು. ಮೊದಲು ಕರೆಂಟು, ನೀರು ಹೋಯಿತು. ಆಮೇಲೆ ಜೆಸಿಬಿ ಬಂತು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಚೆಲ್ಲಾಪಿಲ್ಲಿಯಾದ ಪಾತ್ರೆಗಳ ನಡುವೆ ನಿಂತು ಆಧಾರ್, ಮತದಾರರ ಚೀಟಿ ಎತ್ತಿ ತೋರಿಸಿದರು. ಸ್ವಂತ ರಾಜಧಾನಿಯಲ್ಲೇ ಪರದೇಶಿಗಳಾಗುವುದೆಂದರೆ ಇದೇ. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ ಅರ್ಜಿಯ ಮೇಲೆ ಹೈಕೋರ್ಟ್, ಪರಿಶೀಲನೆಯೇ ಇಲ್ಲದೆ ಎಲ್ಲರಿಗೂ ಬಾಂಗ್ಲಾ ಹಣೆಪಟ್ಟಿ ಹಚ್ಚಿದ್ದಕ್ಕೆ ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು. ತೆರವನ್ನು ತಪ್ಪೆಂದು ಹೇಳಿ ಪುನರ್ವಸತಿಗೆ ಸೂಚಿಸಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ, ಐವರು ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಜನ್ಮಸ್ಥಳದಂಥ ಕಾರಣಕ್ಕೆ ಕೊಲೆ ಮಾಡಿದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸುತ್ತದೆ. ಶೆಡ್ಡಿನ ನೀರು ನಿಲ್ಲಿಸಿದವರು, ಜೆಸಿಬಿ ಕಳಿಸಿದವರು ಈ ಕಲಮಿನಡಿ ಬರುವುದಿಲ್ಲ.