ಮೊದಲ ಸಂಬಳದ ಅಳತೆಗೋಲು: ವಿದ್ಯಾರ್ಥಿ ಸಾಲ ಮತ್ತು ಮಾನವಿಕ ಪದವಿ

1971ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯವು ತನ್ನ ವಿದ್ಯಾರ್ಥಿಗಳ ಮುಂದೆ ವಿಲಕ್ಷಣವಾದ ಒಂದು ಸಾಲದ ಕರಾರನ್ನು ಇಟ್ಟಿತು. ಶುಲ್ಕದ ಒಂದು ಭಾಗವನ್ನು ಮುಂದೂಡಬಹುದು. ಮುಂದೂಡಿದ ಪ್ರತಿ ಸಾವಿರ ಡಾಲರಿಗೆ ವಾರ್ಷಿಕ ವರಮಾನದ ಶೇ. 0.4ರಷ್ಟನ್ನು ಗರಿಷ್ಠ 35 ವರ್ಷಗಳವರೆಗೆ ತೆರುತ್ತ ಹೋಗಬೇಕು. ಮೂರು ಸಾವಿರ ಡಾಲರ್ ಮುಂದೂಡಿದವನು ವರ್ಷಕ್ಕೆ ಹತ್ತು ಸಾವಿರ ಗಳಿಸಿದರೆ 120 ಡಾಲರ್, ಐವತ್ತು ಸಾವಿರ ಗಳಿಸಿದರೆ 600 ಡಾಲರ್. ಒಂದೇ ತಂಡದಲ್ಲಿ ಸಾಲ ಪಡೆದವರೆಲ್ಲರೂ ಪರಸ್ಪರ ಬಾಧ್ಯಸ್ಥರು: ಇಡೀ ತಂಡದ ಸಾಲ ತೀರುವವರೆಗೆ ಯಾರೂ ಋಣಮುಕ್ತರಲ್ಲ. ಗ್ರೀಕ್ ಸಾಹಿತ್ಯ ಓದಿ ಶಾಲಾ ಮೇಷ್ಟ್ರಾದವನಿಗೂ ನ್ಯಾಯಶಾಸ್ತ್ರ ಓದಿ ದೊಡ್ಡ ವಕೀಲನಾದವನಿಗೂ ದರ ಒಂದೇ, ತೆರುವ ಮೊತ್ತ ಮಾತ್ರ ಬೇರೆ.

ಈ ಆಲೋಚನೆಯ ಬೀಜ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿದೆ. ಹೊಲ, ಮನೆಗಳನ್ನು ಅಡವಿಡಬಹುದು. ಕಲಿತ ವಿದ್ಯೆಯನ್ನು ಅಡವಿಡಲಾಗದು. ಆದ್ದರಿಂದ ಸಾಲ ಕೊಡುವವನು ವಿದ್ಯಾರ್ಥಿಯ ಮುಂದಿನ ಗಳಿಕೆಯಲ್ಲಿ ಪಾಲುದಾರನಾಗಲಿ ಎಂಬುದು ಅವನ ಸಲಹೆ. ಯೇಲ್‌ನಲ್ಲಿ ಇದಕ್ಕೆ ರೂಪ ಕೊಟ್ಟವನು ಜೇಮ್ಸ್ ಟೋಬಿನ್. ಆರ್ಥಿಕ ನೀತಿಯ ಬಹುತೇಕ ಪ್ರಶ್ನೆಗಳಲ್ಲಿ ಫ್ರೀಡ್‌ಮನ್ನನಿಗೆ ಎದುರಾಳಿಯಾಗಿದ್ದ ಟೋಬಿನ್ ಈ ಒಂದು ವಿಷಯದಲ್ಲಿ ಅವನ ಹತ್ತಿರ ಬಂದದ್ದು ಗಮನಾರ್ಹ.

ಯೋಜನೆ ಬಹುಕಾಲ ಬಾಳಲಿಲ್ಲ. ಪಡೆದ ಸಾಲದ ಒಂದೂವರೆ ಪಟ್ಟನ್ನು ಬಡ್ಡಿಸಹಿತ ಕಟ್ಟಿ ತಂಡದಿಂದ ಹೊರಬೀಳುವ ಅವಕಾಶವಿತ್ತು. ಬೇಗ ಸಿರಿವಂತರಾದವರು ಅದನ್ನು ಬಳಸಿಕೊಂಡರು. ಇನ್ನು ಕೆಲವರು ಕಟ್ಟಲೇ ಇಲ್ಲ. ನಡುವೆ ಉಳಿದವರು, ಅಂದರೆ ಪ್ರಾಮಾಣಿಕರೂ ಮಧ್ಯಮ ವರಮಾನದವರೂ ಆದವರು, ತಮ್ಮ ಪಾಲು ತೀರಿದ ಮೇಲೂ ಇತರರ ಹೊರೆ ಹೊತ್ತರು. 1978ರಲ್ಲಿ ಹೊಸಬರ ಸೇರ್ಪಡೆ ನಿಂತಿತು. 2001ರ ಹೊತ್ತಿಗೆ ವಿಶ್ವವಿದ್ಯಾನಿಲಯವೇ ಉಳಿದ ಬಾಕಿಯನ್ನು ಮನ್ನಾ ಮಾಡಿ ಲೆಕ್ಕ ಮುಗಿಸಿತು. ಸೋತದ್ದು ಸಾಮೂಹಿಕ ಬಾಧ್ಯತೆಯೇ ಹೊರತು ದೀರ್ಘ ಅವಧಿಯಲ್ಲ. ಆದರೆ ಮುಂದಿನ ಚರ್ಚೆಗಳಲ್ಲಿ ಎರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿ ಅಟ್ಟಕ್ಕೆ ಏರಿಸಲಾಯಿತು.

ಇದಕ್ಕೂ ಮೊದಲು ಸಾಲವನ್ನು ಬೇರೊಂದು ತಕ್ಕಡಿಯಲ್ಲಿ ತೂಗಿದ ಉದಾಹರಣೆ ಅದೇ ದೇಶದಲ್ಲಿತ್ತು. 1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಆತಂಕದಲ್ಲಿ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಹುಟ್ಟಿತು. ಅದರ ಸಾಲಕ್ಕೆ ಬಡ್ಡಿ ಶೇ. 3; ಮಿತಿ ವರ್ಷಕ್ಕೆ ಸಾವಿರ ಡಾಲರ್, ಒಟ್ಟು ಐದು ಸಾವಿರ. ಸಾಲಗಾರನು ಸಾರ್ವಜನಿಕ ಶಾಲೆಯ ಶಿಕ್ಷಕನಾದರೆ ವರ್ಷಕ್ಕೆ ಹತ್ತನೆಯ ಒಂದು ಭಾಗದಂತೆ ಐದು ವರ್ಷಗಳಲ್ಲಿ ಅರ್ಧ ಸಾಲ ಮನ್ನಾ ಆಗುತ್ತಿತ್ತು. ಶಿಕ್ಷಕನ ಸಂಬಳ ಕಡಿಮೆ ಎಂಬುದು ಶಾಸನಕರ್ತರಿಗೆ ತಿಳಿಯದ ಸಂಗತಿಯಲ್ಲ. ತಿಳಿದೇ ಅವರು ಆ ಕೊರತೆಯ ಒಂದಂಶವನ್ನು ಸರ್ಕಾರದ ಲೆಕ್ಕಕ್ಕೆ ಬರೆದರು. ಅದೇ ಕಾಯಿದೆಯ ಆರನೆಯ ಭಾಗ ವಿದೇಶಿ ಭಾಷೆಗಳ ಅಧ್ಯಯನ ಕೇಂದ್ರಗಳಿಗೆ ಹಣ ಒದಗಿಸಿತು. ಮೊದಲ ಆದ್ಯತೆಯ ಆರು ಭಾಷೆಗಳಲ್ಲಿ ಹಿಂದಿ-ಉರ್ದು ಸೇರಿತ್ತು. ಭಾಷೆ ಕಲಿತವನ ಮೊದಲ ವರ್ಷದ ಗಳಿಕೆ ಎಷ್ಟೆಂದು ಆಗ ಕೇಳಿದವರಿಲ್ಲ. ದೇಶಕ್ಕೆ ಆ ಭಾಷೆ ಬೇಕೇ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಆ ಉದಾರತೆಯ ಹಿಂದೆ ಶೀತಲ ಸಮರದ ಭಯವಿತ್ತು ಎಂಬುದನ್ನೂ ಮರೆಯುವಂತಿಲ್ಲ.

1965ರ ಉನ್ನತ ಶಿಕ್ಷಣ ಕಾಯಿದೆಯೊಂದಿಗೆ ಬ್ಯಾಂಕುಗಳು ಸರ್ಕಾರದ ಖಾತರಿಯ ಮೇಲೆ ಈ ಕ್ಷೇತ್ರಕ್ಕೆ ಇಳಿದವು. ಪದವಿ ಮುಗಿದ ಕೆಲವೇ ತಿಂಗಳಿಗೆ ಆರಂಭ, ಮಾಸಿಕ ಸಮಾನ ಕಂತು, ಹತ್ತು ವರ್ಷದೊಳಗೆ ಮುಕ್ತಾಯ ಎಂಬ ಕ್ರಮ ಕಾಲಕ್ರಮೇಣ ನೆಲೆಗೊಂಡಿತು. ತತ್ತ್ವಶಾಸ್ತ್ರ, ಇತಿಹಾಸ, ಸಾಹಿತ್ಯ ಓದಿದವರು ನೆಲೆ ಕಂಡುಕೊಳ್ಳಲು ತಡಕಾಡುವ ವರ್ಷಗಳೂ ಕಂತಿನ ಭಾರ ಅತ್ಯಧಿಕವಾಗಿರುವ ವರ್ಷಗಳೂ ಹೀಗೆ ಒಂದರ ಮೇಲೊಂದು ಬಿದ್ದವು. ಆರಂಭದ ಗಳಿಕೆ ಪದವಿಯ ಅಳತೆಗೋಲಾದದ್ದು ವಿದ್ಯೆಯ ಫಲ ಆಗಲೇ ಮಾಗುತ್ತದೆಂಬ ಕಾರಣಕ್ಕಲ್ಲ, ಕಂತು ಆಗಲೇ ಶುರುವಾಗುತ್ತದೆಂಬ ಕಾರಣಕ್ಕೆ.

ಈ ಅಳತೆಗೋಲು ಕ್ರಮೇಣ ಇನ್ನಷ್ಟು ಗಿಡ್ಡವಾಯಿತು. 2015ರಲ್ಲಿ ಅಮೆರಿಕ ಸರ್ಕಾರ ಪ್ರಕಟಿಸಿದ ಕಾಲೇಜು ಅಂಕಪಟ್ಟಿಯಲ್ಲಿ ಪ್ರವೇಶ ಪಡೆದ ಹತ್ತು ವರ್ಷಗಳ ಅನಂತರದ ಗಳಿಕೆ ಇತ್ತು. 2019ರಲ್ಲಿ ವಿಷಯವಾರು ಅಂಕಿಗಳು ಬಂದಾಗ ಪದವಿಯ ಮರುವರ್ಷದ ಗಳಿಕೆಯೇ ಕಾಣಿಸಿಕೊಂಡಿತು. 2025ರ ಜುಲೈ 4ರಂದು ಸಹಿಯಾದ ಕಾನೂನು ಪದವಿ ಮುಗಿದ ನಾಲ್ಕನೆಯ ವರ್ಷವನ್ನು ಹಿಡಿಯಿತು: ಆಗಿನ ಮಧ್ಯಕ ಗಳಿಕೆ ಬರಿಯ ಪ್ರೌಢಶಾಲೆ ಮುಗಿಸಿದವರ ಗಳಿಕೆಗಿಂತ ಕೆಳಗಿದ್ದು, ಹಾಗೆಯೇ ಮರುಕಳಿಸಿದರೆ, ಆ ಕೋರ್ಸಿಗೆ ಸರ್ಕಾರಿ ಸಾಲ ನಿಲ್ಲುತ್ತದೆ.

ಅವಧಿ ಬದಲಾದರೆ ಉತ್ತರವೂ ಹೇಗೆ ಬದಲಾಗುತ್ತದೆ ಎಂಬುದನ್ನು ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದ ಕೇಂದ್ರವೊಂದು 2020ರಲ್ಲಿ ತೋರಿಸಿತು. ಅದರ ಲೆಕ್ಕದಲ್ಲಿ, ಹತ್ತು ವರ್ಷಕ್ಕೆ ನೋಡಿದರೆ ಲಿಬರಲ್ ಆರ್ಟ್ಸ್ ಕಾಲೇಜುಗಳ ನಿವ್ವಳ ಪ್ರತಿಫಲದ ಮಧ್ಯಕ 62,000 ಡಾಲರ್, ಎಲ್ಲ ಕಾಲೇಜುಗಳದು 1,07,000. ನಲವತ್ತು ವರ್ಷಕ್ಕೆ ನೋಡಿದರೆ ಮೊದಲಿನದು 9,18,000, ಎರಡನೆಯದು 7,23,000. ಈ ಅಂಕಿಯನ್ನು ವಿಜಯಪತಾಕೆಯಾಗಿ ಹಾರಿಸುವುದು ಸರಿಯಲ್ಲ. ಆ ಕಾಲೇಜುಗಳಿಗೆ ಬರುವವರಲ್ಲಿ ಅನುಕೂಲಸ್ಥರ ಮಕ್ಕಳು ಹೆಚ್ಚು. ಅನೇಕರು ಮುಂದೆ ವೈದ್ಯಕೀಯಕ್ಕೋ ಕಾನೂನಿಗೋ ಹೋಗುತ್ತಾರೆ. ನಲವತ್ತು ವರ್ಷ ಕಾಯುವ ತಾಳ್ಮೆಯೂ ಒಂದು ಬಗೆಯ ಆಸ್ತಿ. ಸಾಲ ಹೊತ್ತ ಬಡ ವಿದ್ಯಾರ್ಥಿಗೆ ಅದಿಲ್ಲ.

ಭಾರತದಲ್ಲಿ ಇದೇ ತೂಕ ಬೇರೊಂದು ರೂಪದಲ್ಲಿ ನಡೆಯಿತು. 2009-10ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯು ವಾರ್ಷಿಕ ವರಮಾನ 4.5 ಲಕ್ಷ ರೂಪಾಯಿಯೊಳಗಿನ ಕುಟುಂಬಗಳಿಗೆ, ಮರುಪಾವತಿ ಶುರುವಾಗುವವರೆಗಿನ ಶೈಕ್ಷಣಿಕ ಸಾಲದ ಬಡ್ಡಿಯನ್ನು ತುಂಬಿತು. ಆದರೆ ಅದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮಾತ್ರ. ಕಾಸರಗೋಡಿನ ಬಡ ಮನೆಯೊಂದರಿಂದ ಅಣ್ಣ ಎಂಜಿನಿಯರಿಂಗಿಗೂ ತಂಗಿ ಕನ್ನಡ ಬಿ.ಎ.ಗೂ ಸಾಲ ಮಾಡಿ ಸೇರಿದ್ದರೆ, ಅಣ್ಣನ ಓದಿನ ವರ್ಷಗಳ ಬಡ್ಡಿ ಸರ್ಕಾರದ್ದು, ತಂಗಿಯದು ಅವಳದೇ. ಅವಳು ಮುಂದೆ ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳಾದರೂ, 1958ರ ಕಾಯಿದೆಯಲ್ಲಿದ್ದಂಥ ಶಿಕ್ಷಕರ ರಿಯಾಯಿತಿ ಆ ಯೋಜನೆಯಲ್ಲಿ ಇರಲಿಲ್ಲ.