ಏನಿದು ಎಕ್ಮೋ? ಯಾರಿಗೆ ಬೇಕು, ಯಾರಿಗೆ ಸಿಗುತ್ತೆ?

2016ರ ಡಿಸೆಂಬರ್‌ನಲ್ಲಿ ಜಯಲಲಿತಾ, 2020ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಇವರಿಬ್ಬರ ಕೊನೆಯ ದಿನಗಳ ಆಸ್ಪತ್ರೆ ಬುಲೆಟಿನ್‌ಗಳಿಂದಲೇ ‘ಎಕ್ಮೋ’ ಎಂಬ ಪದ ನಮ್ಮ ಮನೆಯ ಟಿವಿಗಳಿಗೂ ಬಂತು. ಇಬ್ಬರೂ ಉಳಿಯಲಿಲ್ಲ. ಹಾಗಾಗಿ ‘ಎಕ್ಮೋ ಹಾಕಿದ್ರು ಅಂದ್ರೆ ಮುಗೀತು’ ಅನ್ನುವವರು ಹೆಚ್ಚಾದರು. ದುಡ್ಡೊಂದಿದ್ದರೆ ಇದು ಯಾರನ್ನಾದರೂ ಉಳಿಸುತ್ತೆ ಅಂದುಕೊಂಡವರೂ ಇದ್ದಾರೆ. ಎರಡೂ ತಪ್ಪು ತಿಳಿವಳಿಕೆ.

ಮೊದಲು, ವೆಂಟಿಲೇಟರ್‌ಗೂ ಇದಕ್ಕೂ ಇರುವ ವ್ಯತ್ಯಾಸ. ವೆಂಟಿಲೇಟರ್ ಗಾಳಿಯನ್ನು ಶ್ವಾಸಕೋಶದೊಳಗೆ ತಳ್ಳುತ್ತದೆ. ಆ ಗಾಳಿಯಿಂದ ಆಮ್ಲಜನಕವನ್ನು ರಕ್ತಕ್ಕೆ ಸೇರಿಸಬೇಕಾದದ್ದು ಶ್ವಾಸಕೋಶವೇ. ತೀವ್ರ ನ್ಯುಮೋನಿಯಾದಲ್ಲಿ ಗಾಳಿಗೂಡುಗಳಲ್ಲಿ ನೀರು ತುಂಬಿಕೊಂಡರೆ ಎಷ್ಟು ತಳ್ಳಿದರೂ ಉಪಯೋಗ ಇಲ್ಲ. ಜೋರಾಗಿ ತಳ್ಳಿದಷ್ಟೂ ಗಾಯ ಜಾಸ್ತಿ. ಎಕ್ಮೋದಲ್ಲಿ ತೊಡೆಸಂದು ಅಥವಾ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ದಪ್ಪ ಕೊಳವೆ ಹಾಕಿ, ನಿಮಿಷಕ್ಕೆ ನಾಲ್ಕೈದು ಲೀಟರಿನಷ್ಟು ರಕ್ತವನ್ನು ಪಂಪ್‌ನಿಂದ ಹೊರಗೆಳೆಯುತ್ತಾರೆ. ಅದು ಸಾವಿರಾರು ಸಣ್ಣ ಟೊಳ್ಳು ಎಳೆಗಳ ಕೃತಕ ಶ್ವಾಸಕೋಶದ ಮೂಲಕ ಹಾಯುತ್ತದೆ. ಎಳೆಯೊಳಗೆ ಆಮ್ಲಜನಕ, ಹೊರಗೆ ರಕ್ತ. ಕಪ್ಪುಗೆಂಪಾಗಿ ಹೋದ ರಕ್ತ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಡುಗೆಂಪಾಗಿ ದೇಹಕ್ಕೆ ವಾಪಸ್ ಬರುತ್ತದೆ. ಹೃದಯವೂ ಸೋತಿದ್ದರೆ ರಕ್ತವನ್ನು ಅಪಧಮನಿಗೆ ಮರಳಿಸುವ ಇನ್ನೊಂದು ವಿಧಾನವಿದೆ.

ಗಮನಿಸಿ, ಇಲ್ಲಿ ಕಾಯಿಲೆಗೆ ಚಿಕಿತ್ಸೆಯೇ ನಡೆದಿಲ್ಲ. ಶ್ವಾಸಕೋಶಕ್ಕೆ ಸ್ವಲ್ಪ ದಿನ ರಜೆ ಸಿಕ್ಕಿತು, ಅಷ್ಟೇ. ಆ ರಜೆಯಲ್ಲಿ ಅದು ಚೇತರಿಸಿಕೊಳ್ಳಬೇಕು, ಇಲ್ಲವೇ ಕಸಿಗೆ ಶ್ವಾಸಕೋಶ ಸಿಗಬೇಕು. ಎರಡೂ ಆಗದಿದ್ದರೆ ಯಂತ್ರ ನಿಲ್ಲಿಸುವ ದಿನ ಯಾವುದು ಅನ್ನೋ ಪ್ರಶ್ನೆ ಮನೆಯವರ ಮುಂದೆ ಬಂದು ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುವುದರಿಂದ ಮೆದುಳಿನಲ್ಲಿ ರಕ್ತಸ್ರಾವದ ಅಪಾಯವಿದೆ. ಸೋಂಕಿನ ಭಯ ಬೇರೆ.

1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾ. ರಾಬರ್ಟ್ ಬಾರ್ಟ್ಲೆಟ್, ಉಸಿರಾಡಲಾಗದೆ ಸಾಯುತ್ತಿದ್ದ ನವಜಾತ ಶಿಶುವೊಂದನ್ನು ಎಕ್ಮೋ ಹಾಕಿ ಉಳಿಸಿದರು. ಮಗುವಿನ ತಾಯಿ ಮೆಕ್ಸಿಕೋದಿಂದ ಬಂದ ಬಡ ಹೆಣ್ಣುಮಗಳು. ಆಸ್ಪತ್ರೆಯ ನರ್ಸ್‌ಗಳೇ ಮಗುವಿಗೆ ‘ಎಸ್ಪೆರಾಂಜಾ’ ಅಂತ ಹೆಸರಿಟ್ಟರು. ಸ್ಪ್ಯಾನಿಷ್‌ನಲ್ಲಿ ಭರವಸೆ ಎಂದರ್ಥ. ಆದರೆ ವಯಸ್ಕರ ಮೇಲೆ ನಡೆದ ಅಮೆರಿಕದ ಅಧ್ಯಯನ 1979ರಲ್ಲಿ ಪ್ರಕಟವಾದಾಗ ನಿರಾಸೆ ಕಾದಿತ್ತು: 90 ರೋಗಿಗಳಲ್ಲಿ ಎಕ್ಮೋ ಪಡೆದವರಲ್ಲೂ ಪಡೆಯದವರಲ್ಲೂ ಹತ್ತರಲ್ಲಿ ಒಬ್ಬರು ಕೂಡ ಉಳಿದಿರಲಿಲ್ಲ. ದೊಡ್ಡವರ ಮಟ್ಟಿಗೆ ಎಕ್ಮೋ ಮೂಲೆಗೆ ಸರಿಯಿತು.

2009ರಲ್ಲಿ ಎಚ್1ಎನ್1 ಹರಡಿದಾಗ ಅದು ಮತ್ತೆ ಮುಂದೆ ಬಂತು. ಅದೇ ವರ್ಷ ಬ್ರಿಟನ್ನಿನ ‘ಸೀಸರ್’ ಅಧ್ಯಯನ ಹೊರಬಿತ್ತು. ಎಕ್ಮೋಗೆಂದು ಲೆಸ್ಟರ್‌ನ ಪರಿಣತ ಕೇಂದ್ರಕ್ಕೆ ಕಳಿಸಿದವರಲ್ಲಿ 63% ಮಂದಿ ಆರು ತಿಂಗಳ ನಂತರವೂ ಅಂಗವೈಕಲ್ಯವಿಲ್ಲದೆ ಬದುಕಿದ್ದರು. ಉಳಿದ ಆಸ್ಪತ್ರೆಗಳಲ್ಲಿದ್ದವರಲ್ಲಿ 47%. ಇಲ್ಲೊಂದು ಸ್ವಾರಸ್ಯವಿದೆ. ಲೆಸ್ಟರ್‌ಗೆಂದು ಆಯ್ಕೆಯಾದ 90 ಜನರಲ್ಲಿ ಎಕ್ಮೋ ಪಡೆದವರು 68 ಮಂದಿ ಮಾತ್ರ. ಹಾಗಾದರೆ ಜೀವ ಉಳಿಸಿದ್ದು ಯಂತ್ರವಾ, ಅದರ ಸುತ್ತ ಇದ್ದ ತಂಡವಾ? 2018ರ ‘ಇಯೋಲಿಯಾ’ ಅಧ್ಯಯನದಲ್ಲೂ 60 ದಿನಗಳ ಸಾವಿನ ಪ್ರಮಾಣ ಎಕ್ಮೋ ಗುಂಪಿನಲ್ಲಿ 35%, ಇನ್ನೊಂದರಲ್ಲಿ 46%. ಆದರೂ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಖಚಿತ ಪುರಾವೆಯ ಗೆರೆ ದಾಟಲಿಲ್ಲ.

ತಂಡದ ಮಾತು ಬಂತಲ್ಲ, ನಮ್ಮಲ್ಲಿ ತೊಡಕು ಇರುವುದೇ ಅಲ್ಲಿ. ಎಕ್ಮೋ ರೋಗಿಯ ಪಕ್ಕ ಹಗಲು ರಾತ್ರಿ ತರಬೇತಾದ ನರ್ಸ್ ಇರಲೇಬೇಕು. ಪಂಪ್ ನೋಡಿಕೊಳ್ಳುವ ತಂತ್ರಜ್ಞರು, ತೀವ್ರ ನಿಗಾ ವೈದ್ಯರು, ರಕ್ತನಿಧಿ ಎಲ್ಲವೂ ಬೇಕು. ಅದಕ್ಕೇ ಈ ಸೌಲಭ್ಯ ಬೆಂಗಳೂರಿನಂಥ ದೊಡ್ಡ ಊರುಗಳಲ್ಲೇ ಹೆಚ್ಚು, ಅದೂ ಖಾಸಗಿಯಲ್ಲಿ. ವಾರಗಟ್ಟಲೆ ಯಂತ್ರದ ಮೇಲಿದ್ದರೆ ಬಿಲ್ಲು ಹತ್ತಾರು ಲಕ್ಷ ತಲುಪುತ್ತದೆ. ಮನೆಯವರು ಸಹಿ ಹಾಕುವ ಮೊದಲು ಕೇಳಬೇಕಾದ್ದನ್ನು ಕೇಳಲೇಬೇಕು: ಈ ಕಾಯಿಲೆ ವಾಸಿಯಾಗುವಂಥದ್ದಾ? ಇಲ್ಲಿ ವರ್ಷಕ್ಕೆ ಎಷ್ಟು ಜನಕ್ಕೆ ಎಕ್ಮೋ ಹಾಕುತ್ತೀರಿ? ಯಾವ ಹಂತದಲ್ಲಿ ನಿಲ್ಲಿಸುತ್ತೀರಿ?

ಎಕ್ಮೋ ಕೊನೆಯ ಮೆಟ್ಟಿಲು. ಅದರ ಕೆಳಗಿನ ಮೆಟ್ಟಿಲುಗಳ ಬಗ್ಗೆ ನಾವು ಮಾತಾಡುವುದು ಕಡಿಮೆ. ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸುವುದು ಅಂಥದ್ದೊಂದು. 2013ರ ‘ಪ್ರೊಸೇವಾ’ ಅಧ್ಯಯನದಲ್ಲಿ ಇಷ್ಟರಿಂದಲೇ 28 ದಿನಗಳ ಸಾವಿನ ಪ್ರಮಾಣ ಸುಮಾರು 33%ರಿಂದ 16%ಕ್ಕೆ ಇಳಿಯಿತು. ಇದಕ್ಕೆ ಹೊಸ ಯಂತ್ರ ಬೇಡ. ಕೊಳವೆಗಳು ಕಳಚದಂತೆ ರೋಗಿಯನ್ನು ಹೊರಳಿಸಬಲ್ಲ ನಾಲ್ಕೈದು ಜನ ಸಿಬ್ಬಂದಿ ಬೇಕು. ಅದಕ್ಕೂ ಕೆಳಗಿನ ಮೆಟ್ಟಿಲು ಆಮ್ಲಜನಕ. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಒಂದೇ ದಿನದೊಳಗೆ ಕನಿಷ್ಠ 24 ಮಂದಿ ಸತ್ತರು. ಎಕ್ಮೋ ಇರಲಿ, ಅಲ್ಲಿ ಸಿಲಿಂಡರ್‌ಗೇ ಪರದಾಟ.

ಹಾಗಾಗಿ ನಿಮ್ಮ ಜಿಲ್ಲೆಗೆ ಎಕ್ಮೋ ತರುತ್ತೇವೆ ಅಂತ ಯಾರಾದರೂ ಭಾಷಣದಲ್ಲಿ ಹೇಳಿದರೆ, ಜಿಲ್ಲಾಸ್ಪತ್ರೆಯ ಐಸಿಯುನಲ್ಲಿ ರಾತ್ರಿ ಪಾಳಿಗೆ ಎಷ್ಟು ನರ್ಸ್‌ಗಳಿದ್ದಾರೆ, ಅವರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು ಅಂತ ಮೊದಲು ಕೇಳಿ.